ತರಬೇತುದಾರ ಬೇಕಾಗಿದ್ದಾನೆ

ನನ್ನ ಊರು ಕುಮಟಾ ತಾಲೂಕಿನ ಹೊಳನಗದ್ದೆ. ಅಲ್ಲಿ ನನ್ನ ಅಕ್ಕನ ಮಗನೊಬ್ಬನಿದ್ದಾನೆ. ಫುಟ್‌ಬಾಲ್ ಎಂದರೆ ಊಟವನ್ನೂ ಮರೆಯುವ ಹುಡುಗ. 2025ರ ಅಕ್ಟೋಬರ್ 14ರಂದು ಅವನು ಮೂವರು ಗೆಳೆಯರ ಜೊತೆ ಕುಮಟಾದಲ್ಲಿ ಕೊಂಕಣ ರೈಲು ಹತ್ತಿ ಮಡಗಾಂವಿಗೆ ಹೋದ. ಅಲ್ಲಿನ ಫತೋರ್ಡಾ ಕ್ರೀಡಾಂಗಣದಲ್ಲಿ ಅಂದು ಭಾರತಕ್ಕೂ ಸಿಂಗಪುರಕ್ಕೂ ಪಂದ್ಯ. ಮೊದಲ ಗೋಲು ನಮ್ಮದೇ, ಛಾಂಗ್ಟೆ ಹೊಡೆದದ್ದು. ಆಮೇಲೆ ಸಿಂಗಪುರ ಎರಡು ಗೋಲು ಹೊಡೆಯಿತು. 2027ರ ಏಷ್ಯಾ ಕಪ್ಪಿನ ಬಾಗಿಲು ನಮಗೆ ಅಲ್ಲಿಗೇ ಮುಚ್ಚಿತು. ಮರುದಿನ ಹುಡುಗ ನನಗೆ ಫೋನ್ ಮಾಡಿದ. ಪ್ರಯಾಣದ ಆಯಾಸಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು ಅವನ ದನಿಯಲ್ಲಿ. "ಮಾವ, ಇಷ್ಟು ದೊಡ್ಡ ದೇಶಕ್ಕೆ ಒಬ್ಬ ಸರಿಯಾದ ಕೋಚ್ ಯಾಕೆ ಸಿಗೂದಿಲ್ಲ?" ಎಂದು ಕೇಳಿದ. ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಅವನ ಸಿಟ್ಟಿಗೆ ಕಾರಣಗಳನ್ನು ನೋಡೋಣ. 2019ರ ಮೇ ತಿಂಗಳಲ್ಲಿ ಇಗೊರ್ ಸ್ಟಿಮಾಚ್ ನಮ್ಮ ತಂಡದ ತರಬೇತುದಾರರಾದರು. 1998ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಪಡೆದ ಕ್ರೊಯೇಷಿಯಾ ತಂಡದ ಆಟಗಾರ ಅವರು. ಕಾಲೇಜಿನ ದಿನಗಳಲ್ಲಿ ನಾನೇ ಟೀವಿಯಲ್ಲಿ ಅವರ ಆಟ ನೋಡಿದ್ದೆ. ಐದು ವರ್ಷದ ನಂತರ, 2024ರ ಜೂನ್ 17ರಂದು, ಒಪ್ಪಂದದ ಅವಧಿ ಇನ್ನೂ ಉಳಿದಿರುವಾಗಲೇ ಅವರನ್ನು ತೆಗೆದುಹಾಕಲಾಯಿತು. ಅದಕ್ಕೆ ಪರಿಹಾರವಾಗಿ ಸುಮಾರು 4 ಲಕ್ಷ ಡಾಲರ್ ಕೊಡಬೇಕಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಬಳಿಕ ಬಂದವರು ಸ್ಪೇನಿನ ಮನೋಲೊ ಮಾರ್ಕೆಸ್. ಅವರು ಅದೇ ಕಾಲಕ್ಕೆ ಗೋವಾ ಕ್ಲಬ್ಬಿನ ತರಬೇತುದಾರರೂ ಆಗಿದ್ದರು. ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು. 2025ರ ಜುಲೈ ಆರಂಭದಲ್ಲಿ ಅವರೂ ಹೊರನಡೆದರು.

ಮತ್ತೆ ಅರ್ಜಿ ಕರೆಯಲಾಯಿತು. 170 ಅರ್ಜಿಗಳು ಬಂದವು. ಬಾರ್ಸಿಲೋನಾದ ಪ್ರಸಿದ್ಧ ಚಾವಿಯವರೂ ಅರ್ಜಿ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿತು. ಹುಡುಗರು ಕುಣಿದಾಡಿದರು. ಒಂದೆರಡು ದಿನ ಕಳೆಯುವಷ್ಟರಲ್ಲಿ, ಆ ಅರ್ಜಿ ನಿಜವಾದದ್ದಲ್ಲ ಎಂದು ಫುಟ್‌ಬಾಲ್ ಫೆಡರೇಷನ್ನೇ ಹೇಳಬೇಕಾಯಿತು. ನಗಬೇಕೋ ಅಳಬೇಕೋ ಎಂಬ ಸ್ಥಿತಿ! ಕೊನೆಗೆ 2025ರ ಆಗಸ್ಟ್ 1ರಂದು ಖಾಲಿದ್ ಜಮೀಲ್ ನೇಮಕವಾದರು. ಹದಿಮೂರು ವರ್ಷಗಳ ನಂತರ ಭಾರತೀಯನೊಬ್ಬ ಆ ಸ್ಥಾನಕ್ಕೆ ಬಂದಂತಾಯಿತು.

ಈ ನಡುವೆ ತಂಡದ ಗತಿ ಏನಾಯಿತು? 2023ರ ಜುಲೈನಲ್ಲಿ ವಿಶ್ವದಲ್ಲಿ 99ನೆಯ ಸ್ಥಾನದಲ್ಲಿದ್ದ ನಾವು 2025ರ ಜುಲೈ ವೇಳೆಗೆ 133ಕ್ಕೆ, ನವೆಂಬರಿನಲ್ಲಿ 142ಕ್ಕೆ ಇಳಿದೆವು. 2024ನೆಯ ಇಸವಿಯಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಇಷ್ಟಾದ ಮೇಲೂ ಸಿಟ್ಟು ಬರದಿದ್ದರೆ ಅಂಥವನು ಅಭಿಮಾನಿಯೇ ಅಲ್ಲ.

ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಸರಿಯಾದ ವಿಳಾಸಕ್ಕೆ ತಲುಪುತ್ತಿದೆಯೆ? ಇಲ್ಲಿ ನನ್ನ ವೃತ್ತಿಯ ಒಂದು ಗುಟ್ಟು ಹೇಳಿಬಿಡುತ್ತೇನೆ. ಪಂದ್ಯದ ನೇರಪ್ರಸಾರದಲ್ಲಿ ಗೋಲು ಬಿದ್ದ ಕೂಡಲೇ ನಾವು ಕ್ಯಾಮೆರಾ ತಿರುಗಿಸುವುದು ತರಬೇತುದಾರನ ಮುಖಕ್ಕೆ. ಗೆದ್ದವನ ನಗು, ಸೋತವನ ಜೋಲುಮುಖ ಎರಡೂ ಒಳ್ಳೆಯ ದೃಶ್ಯಗಳು. ಹದಿನೈದು ವರ್ಷಗಳಲ್ಲಿ ಆ ಗೋಲಿಗೆ ಏನೇನು ಕಾರಣವಾಯಿತೆಂಬುದನ್ನು ತೋರಿಸಲು ನಮ್ಮಲ್ಲಿ ಕ್ಯಾಮೆರಾ ಇಲ್ಲ. ಹೀಗೆ ನೋಡಿ ನೋಡಿ, ಸೋಲು ಗೆಲುವುಗಳೆಲ್ಲ ಆ ಒಂದು ಮುಖದಿಂದಲೇ ಎಂದು ನಾವು ನಂಬಿಬಿಟ್ಟಿದ್ದೇವೆ. ಈ ತಪ್ಪಿನಲ್ಲಿ ನನ್ನಂಥವರ ಪಾಲೂ ಇದೆ.

ಆ ನಂಬಿಕೆಯನ್ನು ಅಲುಗಿಸುವ ಒಂದು ನಿದರ್ಶನ ನಮ್ಮ ಬೆಂಗಳೂರಿನಲ್ಲೇ ಉಂಟು. 2023ರ ಜುಲೈ 4ರಂದು ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ. ಕುವೈತ್ ವಿರುದ್ಧ ಪೆನಾಲ್ಟಿಗಳಲ್ಲಿ ಭಾರತ ಗೆದ್ದಿತು. ಅಂದು ಮುಖ್ಯ ತರಬೇತುದಾರ ಸ್ಟಿಮಾಚ್ ಅಂಗಣದ ಪಕ್ಕದಲ್ಲಿ ಇರಲೇ ಇಲ್ಲ. ಕೆಂಪು ಕಾರ್ಡಿನಿಂದಾಗಿ ಅವರಿಗೆ ನಿಷೇಧವಿತ್ತು. ಸಹಾಯಕ ಮಹೇಶ್ ಗವಳಿ ತಂಡವನ್ನು ನಡೆಸಿದರು. ತಿಂಗಳುಗಟ್ಟಲೆ ಮಾಡಿದ ಅಭ್ಯಾಸ ಒಂದು ಸಂಜೆ ತಾನಾಗಿಯೇ ಕೆಲಸ ಮಾಡಿತು.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠವೆಂದರೆ, ಫಲಿತಾಂಶ ತಪ್ಪಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಕಾಯಬೇಕು. ಇಲ್ಲವಾದರೆ ದೋಷ ಎಲ್ಲಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ. 2024ರ ಜೂನ್‌ನಿಂದ 2025ರ ಆಗಸ್ಟ್‌ವರೆಗಿನ ಹದಿನಾಲ್ಕು ತಿಂಗಳಲ್ಲಿ ನಾವು ಮೂವರು ತರಬೇತುದಾರರನ್ನು ಕಂಡೆವು. ಮೂವರ ಕ್ರಮವೂ ಬೇರೆ ಬೇರೆ. ಹೀಗಿರುವಾಗ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವುದಾದರೂ ಹೇಗೆ? ಉಪ್ಪು ಹೆಚ್ಚಾಯಿತೆಂದು ಅಡುಗೆಯವನನ್ನು ಬದಲಿಸುತ್ತಾ ಹೋದರೆ ಉಪ್ಪಿನ ಡಬ್ಬಿಯನ್ನು ನೋಡುವವರು ಯಾರು?

ನಮ್ಮ ಕಡೆ 'ಆಟ' ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಅಲ್ಲಿ ಭಾಗವತರೇ ಮೊದಲ ವೇಷ ಎಂಬ ಮಾತಿದೆ. ಇಡೀ ರಂಗ ಅವರ ತಾಳದ ಹಿಡಿತದಲ್ಲಿರುತ್ತದೆ. ಕೆಲವೊಮ್ಮೆ ಬೇರೆ ಬೇರೆ ಮೇಳಗಳ ಕಲಾವಿದರನ್ನು ಒಂದು ರಾತ್ರಿಯ ಮಟ್ಟಿಗೆ ಕೂಡಿಸಿ ಆಟ ಮಾಡಿಸುವುದುಂಟು. ಹೆಚ್ಚಿನ ಪೂರ್ವಾಭ್ಯಾಸ ಇರುವುದಿಲ್ಲ. ಆದರೂ ಆಟ ಕಳೆಗಟ್ಟುತ್ತದೆ. ಏಕೆ? ಎಲ್ಲರಿಗೂ ತಿಟ್ಟು ಒಂದೇ, ಪ್ರಸಂಗ ಗೊತ್ತು, ಪದ್ಯ ಗೊತ್ತು, ಹೆಜ್ಜೆ ಬಾಲ್ಯದಲ್ಲೇ ಕಾಲಿಗೆ ಹತ್ತಿದೆ. ಭಾಗವತರು ಬದಲಾದರೂ ಆ ಬುನಾದಿ ಬದಲಾಗುವುದಿಲ್ಲ.

ರಾಷ್ಟ್ರೀಯ ಫುಟ್‌ಬಾಲ್ ತಂಡವೂ ಇಂಥ ಕೂಡಾಟವೇ. ಆಟಗಾರರು ವರ್ಷವಿಡೀ ತಮ್ಮ ತಮ್ಮ ಕ್ಲಬ್ಬುಗಳಲ್ಲಿರುತ್ತಾರೆ. ರಾಷ್ಟ್ರದ ತರಬೇತುದಾರನ ಕೈಗೆ ಅವರು ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಅವನು ತಾಳ ಹಾಕಬಹುದೇ ಹೊರತು ಹೆಜ್ಜೆ ಕಲಿಸಲಾರ. ಹೆಜ್ಜೆಯನ್ನು ಬೇರೆ ಯಾರೋ ಮೊದಲೇ ಕಲಿಸಿರಬೇಕು. ನಮ್ಮ ಕ್ಲಬ್ಬುಗಳಲ್ಲಿ ಗೋಲು ಹೊಡೆಯುವ ಜಾಗ ಬಹುಮಟ್ಟಿಗೆ ವಿದೇಶಿ ಆಟಗಾರರ ಪಾಲಾಗಿತ್ತು. ಹಾಗಾಗಿ 2025ರ ಮಾರ್ಚ್‌ನಲ್ಲಿ ನಿವೃತ್ತರಾಗಿದ್ದ ಸುನಿಲ್ ಛೆಟ್ರಿಯವರನ್ನು 40ನೆಯ ವಯಸ್ಸಿನಲ್ಲಿ ಮರಳಿ ಕರೆಸಬೇಕಾಯಿತು. ಮಾಲ್ದೀವ್ಸ್ ವಿರುದ್ಧ ಅವರು ಗೋಲನ್ನೂ ಹೊಡೆದರು. ಹೆಮ್ಮೆಪಡುವುದರ ಜೊತೆಗೆ ಚಿಂತಿಸಬೇಕಾದ ಸಂಗತಿಯಿದು. ಜಮೀಲ್ ಅಧಿಕಾರ ವಹಿಸಿಕೊಂಡಾಗಲಂತೂ ದೇಶದ ದೊಡ್ಡ ಲೀಗೇ ಅನಿಶ್ಚಿತವಾಗಿ ನಿಂತಿತ್ತು. ಆದರೂ ಬೆಂಗಳೂರಿನಲ್ಲಿ ಕೆಲವು ದಿನಗಳ ಶಿಬಿರ ನಡೆಸಿ ಹೋದ ತಂಡ, ಮಧ್ಯ ಏಷ್ಯಾದ ಪಂದ್ಯಾವಳಿಯಲ್ಲಿ ತಜಿಕಿಸ್ತಾನವನ್ನು ಸೋಲಿಸಿ, ಒಮಾನನ್ನು ಪೆನಾಲ್ಟಿಗಳಲ್ಲಿ ಮಣಿಸಿ ಮೂರನೆಯ ಸ್ಥಾನ ಪಡೆಯಿತು. ಕೂಡಿ ಇದ್ದ ನಾಲ್ಕು ದಿನಕ್ಕೆ ಅಷ್ಟು ಫಲ.

ನಮ್ಮದೇ ಇತಿಹಾಸವೂ ಇದನ್ನೇ ಹೇಳುತ್ತದೆ. ಹೈದರಾಬಾದಿನ ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಮರು 1950ರಿಂದ 1963ರಲ್ಲಿ ತೀರಿಕೊಳ್ಳುವ ತನಕ ಭಾರತದ ತರಬೇತುದಾರರಾಗಿದ್ದರು. 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಕ್ರೀಡೆಗಳ ಚಿನ್ನ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. 1951ರ ತಂಡದಲ್ಲಿ ನಮ್ಮ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಮೆಲ್ಬೋರ್ನಿಗೆ ಹೋದವರಲ್ಲಿ ಕೆಂಪಯ್ಯ ಇದ್ದರು. ರಹೀಮರು ದೊಡ್ಡ ಪ್ರತಿಭಾವಂತರು, ಸಂದೇಹವಿಲ್ಲ. ಆದರೆ ಅವರಿಗೆ ಹದಿಮೂರು ವರ್ಷ ಸಿಕ್ಕಿತು ಎಂಬುದನ್ನು ನಾವು ಮರೆಯುತ್ತೇವೆ. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೂ ಅವರೇ ಗುರುಗಳಾಗಿದ್ದರು. ತಾಳ ಹಾಕಿದವರೂ ಹೆಜ್ಜೆ ಕಲಿಸಿದವರೂ ಒಬ್ಬರೇ!

ಹಾಗಾದರೆ ಅಭಿಮಾನಿ ಸುಮ್ಮನಿರಬೇಕೆ? ಖಂಡಿತ ಬೇಡ. ಕೇಳುವ ಪ್ರಶ್ನೆಯನ್ನು ತುಸು ಬದಲಿಸಲಿ. 'ಯಾರು ಬರುತ್ತಾರೆ?' ಎಂಬುದರ ಜೊತೆಗೆ 'ಎಷ್ಟು ವರ್ಷಕ್ಕೆ?' ಎಂದು ಕೇಳಲಿ. ಹೋದವರು ಬರೆದಿಟ್ಟ ವರದಿ ಬಂದವರ ಕೈಗೆ ಸೇರಿತೆ ಎಂದು ಕೇಳಲಿ. ವರ್ಷಕ್ಕೆ ಎಷ್ಟು ದಿನ ಆಟಗಾರರು ಒಟ್ಟಿಗಿರುತ್ತಾರೆ ಎಂದು ಕೇಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ವರ್ಷದ ಹುಡುಗನಿಗೆ ಚೆಂಡನ್ನು ಎರಡೂ ಕಾಲಿನಲ್ಲಿ ತಡೆಯಲು ಹೇಳಿಕೊಡುವವರು ತನ್ನ ತಾಲೂಕಿನಲ್ಲಿ ಇದ್ದಾರೆಯೆ ಎಂದು ಕೇಳಲಿ. ಈ ಕೊನೆಯ ಪ್ರಶ್ನೆ ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ನಮ್ಮ ಊರಿನ ಶಾಲೆಯ ಅಂಗಳದಲ್ಲೇ ಕೇಳಬಹುದು.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಪೂರ್ತಿ ಒಪ್ಪಲಿಲ್ಲ. "ಮಾವ, ನೀನು ಹೇಳಿದ ಹಾಗೆ ಆಗೂ ಹೊತ್ತಿಗೆ ನಾನು ಮುದುಕ ಆಗ್ತೆ" ಎಂದು ನಕ್ಕ. ಅದೂ ನಿಜವೇ. ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ 0-1ರಿಂದ ಸೋತಾಗ ಅವನು ಫೋನ್ ಮಾಡಲೇ ಇಲ್ಲ. ಆ ಮೌನ ನನಗೆ ಅವನ ಸಿಟ್ಟಿಗಿಂತ ಹೆಚ್ಚು ಹೆದರಿಕೆ ತಂದಿತು. ಸಿಟ್ಟು ಮಾಡುವವನು ಇನ್ನೂ ನಮ್ಮವನೇ. ಸುಮ್ಮನಾದವನು ಎದ್ದುಹೋದ ಪ್ರೇಕ್ಷಕ.

ಆದರೆ ಮೊನ್ನೆ ಊರಿಗೆ ಹೋದಾಗ ಬೇರೆಯದೇ ದೃಶ್ಯ ಕಂಡೆ. ಕೊಯ್ಲು ಮುಗಿದ ಗದ್ದೆ. ಎರಡು ಕಡೆ ಚಪ್ಪಲಿಗಳ ಗೋಲುಕಂಬ. ಏಳೆಂಟು ಚಿಕ್ಕ ಹುಡುಗರು, ಅವರ ನಡುವೆ ನಮ್ಮವನು. ಬಾಯಲ್ಲಿ ಸೀಟಿ. "ಎಡಗಾಲು, ಎಡಗಾಲು!" ಎಂದು ಕೂಗುತ್ತಿದ್ದ. ನಾನು ಗದ್ದೆಯ ಅಂಚಿನ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದೆ. ಯಾರೂ ಅರ್ಜಿ ಕರೆದಿರಲಿಲ್ಲ. ಹೊಳನಗದ್ದೆಗೆ ಒಬ್ಬ ತರಬೇತುದಾರ ಸಿಕ್ಕಿದ್ದ.