ಅವಧಿಪೂರ್ವ ಹೆರಿಗೆ: ಹಾರ್ಮೋನು ಮತ್ತು ರಕ್ಷಣಾ ಕಣಗಳು

(ಚಾಮರಾಜಪುರಂನಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹೀಗೆ ಹುಟ್ಟಿದವು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು.

ಶಿಶುವಿನ ಅರ್ಧಾಂಶ ತಂದೆಯದು. ಆದರೂ ತಾಯಿಯ ರಕ್ಷಣಾ ಕಣಗಳು ಅದನ್ನು ಪರಕೀಯವೆಂದು ಹೊರದಬ್ಬುವುದಿಲ್ಲ. ಈ ಸಂಯಮಕ್ಕೆ ನೆರವಾಗುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಹೆರಿಗೆ ಸಮೀಪಿಸಿದಾಗ ಬಿಳಿ ರಕ್ತಕಣಗಳು ಗರ್ಭಕೋಶಕ್ಕೂ ಗರ್ಭಕೊರಳಿಗೂ ನುಗ್ಗಿ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಕೊರಳು ಮೆತ್ತಗಾಗುತ್ತದೆ, ನೋವು ಶುರುವಾಗುತ್ತದೆ. ಸೋಂಕು ಮುಂತಾದ ಕಾರಣಗಳಿಂದ ಇದೇ ಕ್ರಿಯೆ ಬೇಗನೆ ಆರಂಭವಾದರೆ ಅಪಾಯ.

2019ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ವಿಜ್ಞಾನಿಗಳು ಗರ್ಭಿಣಿ ಇಲಿಗಳಲ್ಲಿ ಟಿ ಕಣಗಳನ್ನು ಕೆರಳಿಸಿದಾಗ ಮರಿಗಳು ಬೇಗನೆ ಹುಟ್ಟಿದವು. ಪ್ರೊಜೆಸ್ಟರಾನ್ ಕೊಟ್ಟಾಗ ಅದು ತಪ್ಪಿತು. ಆದರೆ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ಹಾಗೆಯೇ ಆಗುವುದಿಲ್ಲ. ಗರ್ಭಕೊರಳು ಗಿಡ್ಡವಾಗಿರುವ ತಾಯಂದಿರಿಗೆ ಯೋನಿಮಾರ್ಗದ ಪ್ರೊಜೆಸ್ಟರಾನ್‌ನಿಂದ ಪ್ರಯೋಜನವಿದೆ. ನೋವು ಶುರುವಾದ ಮೇಲೆ ಅದನ್ನು ನಿಲ್ಲಿಸುವ ಮದ್ದಾಗಿ ಇದು ಸಾಬೀತಾಗಿಲ್ಲ. ಇದೇ ಗುಂಪಿನ ಕೃತಕ ಹಾರ್ಮೋನಿನ ಒಂದು ಚುಚ್ಚುಮದ್ದು ಅಮೆರಿಕದಲ್ಲಿ 2011ರಲ್ಲಿ ಅನುಮತಿ ಪಡೆದಿತ್ತು. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಫಲ ಕಾಣದೆ 2023ರಲ್ಲಿ ಆ ಅನುಮತಿ ರದ್ದಾಯಿತು.

ಇನ್ನೊಂದು ಹಾರ್ಮೋನು ಚಿಕಿತ್ಸೆ ಸ್ಟಿರಾಯ್ಡ್. ತಾಯಿಗೆ ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯುತ್ತದೆ. ಆದರೆ ಅದು ರಕ್ಷಣಾ ಕಣಗಳನ್ನೂ ತಗ್ಗಿಸುವುದರಿಂದ ತಾಯಿಗೆ ಸೋಂಕಿನ ಭಯವಿತ್ತು. 2014ರಲ್ಲಿ ಪ್ರಕಟವಾದ, ನಮ್ಮ ಬೆಳಗಾವಿಯೂ ಸೇರಿದ್ದ ಬಹುರಾಷ್ಟ್ರೀಯ ಅಧ್ಯಯನದಲ್ಲಿ, ಹಳ್ಳಿಗಾಡಿನಲ್ಲಿ ಇದನ್ನು ವ್ಯಾಪಕವಾಗಿ ಬಳಸಿದಾಗ ತಾಯಂದಿರಲ್ಲಿ ಸೋಂಕಿನ ಶಂಕೆ ಹೆಚ್ಚಿತು, ಒಟ್ಟಾರೆ ಶಿಶುಮರಣವೂ ಏರಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಧ್ಯಯನದಲ್ಲಿ ಗರ್ಭದ ವಾರಗಳನ್ನು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಂಡು, ಸುಸಜ್ಜಿತ ಆಸ್ಪತ್ರೆಗಳಲ್ಲಿ ಡೆಕ್ಸಾಮೆಥಸೋನ್ ಕೊಟ್ಟರು. ನವಜಾತ ಶಿಶುಮರಣ ಶೇ. 23.5ರಿಂದ 19.6ಕ್ಕೆ ಇಳಿಯಿತು, ತಾಯಂದಿರಲ್ಲಿ ಸೋಂಕು ಹೆಚ್ಚಲಿಲ್ಲ. ಬೆಳಗಾವಿಯ ವೈದ್ಯರು ಇದರಲ್ಲೂ ಪಾಲ್ಗೊಂಡಿದ್ದರು. ಮದ್ದು ಒಂದೇ; ಸಮಯ, ಸ್ಥಳ, ನಿಗಾ ಬೇರೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಮೊದಲ ತಿಂಗಳುಗಳಲ್ಲೇ ಸ್ಕ್ಯಾನಿಂಗ್ ಮಾಡಿಸಿ ವಾರಗಳನ್ನು ಖಚಿತಪಡಿಸಿಕೊಳ್ಳಿ. ತಿಂಗಳು ತುಂಬುವ ಮುನ್ನ ಹೊಟ್ಟೆ ಪದೇ ಪದೇ ಬಿಗಿಯಾದರೆ, ಸೊಂಟ ನೋವಾದರೆ, ನೀರು ಅಥವಾ ರಕ್ತ ಹೋದರೆ ಬೆಳಗಾಗಲೆಂದು ಕಾಯಬೇಡಿ. ಚಾಮರಾಜಪುರಂನಿಂದ ಚೆಲುವಾಂಬ ಆಸ್ಪತ್ರೆ ದೂರವೇನಲ್ಲ. ಗಂಡನೋ ಅತ್ತೆಯೋ ಒಪ್ಪಿಗೆ ಕೊಡಲೆಂದು ಕಾಯುವ ಗಂಟೆಗಳೇ ಮಗುವಿನ ಉಸಿರಿಗೆ ಎರವಾಗುತ್ತವೆ. ಅಂಗಡಿಯಿಂದ ಹಾರ್ಮೋನು ತಂದು ತಾವೇ ಸೇವಿಸುವುದೂ ಬೇಡ.

ವಿದ್ಯಾರ್ಥಿನಿಯರೇ, ಈ ಶಾಸ್ತ್ರದಲ್ಲಿ ಬಿಡಿಸಬೇಕಾದ ಗಂಟುಗಳು ಇನ್ನೂ ಬಹಳ ಇವೆ. ನಿಮ್ಮಲ್ಲಿ ಕೆಲವರಾದರೂ ವೈದ್ಯರಾಗಿ, ಸಂಶೋಧಕರಾಗಿ ಅವನ್ನು ಬಿಡಿಸಿರಿ. ಅಲ್ಲಾಹನು ನಮ್ಮ ತಾಯಂದಿರನ್ನೂ ಮಕ್ಕಳನ್ನೂ ಕಾಪಾಡಲಿ. ಆಮೀನ್.