ಧುರೀಣತ್ವವೂ ಲೋಕದ ಬಾಳಿಕೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಲೋಕವು ಬಹುಕಾಲ ಬಾಳಬೇಕಾದರೆ ಅದರ ವ್ಯವಸ್ಥೆಯು ಯಾವ ರೀತಿಯಲ್ಲಿ ಮಾರ್ಪಡಬೇಕು, ಆ ಮಾರ್ಪಾಟಿಗೆ ಮುಂದಾಳುಗಳಾಗತಕ್ಕವರು ಎಂಥವರಾಗಿರಬೇಕು ಎಂಬುದೇ ಈ ದಿನದ ಉಪನ್ಯಾಸದ ವಿಷಯವಾಗಿರುತ್ತದೆ. ಇಂಥ ದೊಡ್ಡ ಮಾತನ್ನು ಆಕಾಶದಿಂದ ಆರಂಭಿಸಿದರೆ ಅದು ನೆಲಕ್ಕೆ ಇಳಿಯುವುದೇ ದುರ್ಲಭ. ಆದಕಾರಣ ಶೃಂಗೇರಿಯ ಸಮೀಪದ ಮೆಣಸೆಯೆಂಬ ಗ್ರಾಮದ ಕಡೆಯ ಅಡಕೆಯ ತೋಟಗಳಿಂದಲೇ ಆರಂಭಿಸುವುದು ಯುಕ್ತವು. ಮೆಣಸೆಯನ್ನು ವಿದ್ವಾಂಸರು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವಗಾಂಧಿ ಪರಿಸರವಿರುವ ಸ್ಥಳವೆಂದು ಬಲ್ಲರು. ಶಾಸ್ತ್ರಪಾಠಕ್ಕಾಗಿ ಅಲ್ಲಿಗೆ ಹೋದವರು ತೋಟದ ಪಾಠವನ್ನೂ ಕೇಳಿ ಬಂದರೆ ನಷ್ಟವೇನೂ ಇಲ್ಲ.

ಮೊದಲು ಶಬ್ದದ ವಿಚಾರವನ್ನು ಒಂದಿಷ್ಟು ನೋಡತಕ್ಕದ್ದು. ಮುಂದಾಳನ್ನು ನಾಯಕನೆಂದೂ ಕರೆಯುವರು, ಧುರೀಣನೆಂದೂ ಕರೆಯುವರು. ನಾಯಕನೆಂದರೆ ಕೊಂಡೊಯ್ಯುವವನು. ಧುರೀಣನೆಂಬುದಾದರೋ ‘ಧುರ್’ ಎಂಬ ಶಬ್ದದಿಂದ ಬಂದುದು. ‘ಧುರ್’ ಎಂದರೆ ನೊಗ. ನೊಗವನ್ನು ಹೊರಲು ತಕ್ಕವನೇ ಧುರೀಣನು. ಅಂದಮೇಲೆ ಆ ಶಬ್ದವು ಬಂಡಿಯ ಮೇಲೆ ಕುಳಿತು ಚಾವಟಿಯನ್ನು ಬೀಸುವವನಿಗೆ ಸಲ್ಲದು. ನೊಗಕ್ಕೆ ಹೆಗಲು ಕೊಟ್ಟ ಎತ್ತಿಗೆ ಸಲ್ಲುವುದು. ಈಚೆಗೆ ಪತ್ರಿಕೆಗಳಲ್ಲಿ ಈ ಪದವು ಯಾರುಯಾರಿಗೋ ಅಂಟಿಕೊಂಡಿರುವುದನ್ನು ಕಂಡರೆ ಎತ್ತುಗಳಿಗೆ ನಗು ಬಂದೀತು. ಅದು ಹಾಗಿರಲಿ.

ಮಲೆನಾಡಿನ ಈ ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು. ಆರ್ದ್ರೆಯಿಂದ ಆಶ್ಲೇಷೆಯವರೆಗೆ ಬಿಸಿಲೆಂಬುದು ಅಪರೂಪದ ಅತಿಥಿ. ಆ ಕಾಲದಲ್ಲಿಯೇ ಎಳೆಯ ಅಡಕೆಯ ಗೊನೆಗಳಿಗೆ ಕೊಳೆರೋಗವು ತಗಲುವುದು. ಕಾಯಿಯ ಮೇಲೆ ಮೊದಲು ನೀರು ತಾಗಿದಂಥ ಕಲೆ ಕಾಣುವುದು. ಅನಂತರ ಬಿಳಿಯ ಬೂಷ್ಟು ಆವರಿಸುವುದು. ಕಾಯಿಗಳು ಬುಡಕ್ಕೆ ಉದುರುವುವು. ಹನಿಗಳ ಎರಚಲೂ ಗಾಳಿಯೂ ಕೂಡಿ ರೋಗದ ಬೀಜವನ್ನು ಗೊನೆಯಿಂದ ಗೊನೆಗೂ ಮರದಿಂದ ಮರಕ್ಕೂ ಸಾಗಿಸುವುವು. ವರ್ಷದ ಅನ್ನವು ಹದಿನೈದು ದಿನಗಳಲ್ಲಿ ಮಣ್ಣುಪಾಲಾದ ಮನೆಗಳು ಹಿಂದೆ ಎಷ್ಟೋ ಇದ್ದುವು.

ಹಿರಿಯರು ಇದಕ್ಕೆ ಸುಮ್ಮನಿರಲಿಲ್ಲ. ಕರಡದ ಹುಲ್ಲಿನಿಂದಲೋ ಹಾಳೆಯಿಂದಲೋ ಕೊಟ್ಟೆಯನ್ನು ಮಾಡಿ ಪ್ರತಿಯೊಂದು ಗೊನೆಗೂ ಕಟ್ಟುತ್ತಿದ್ದರು. ಗೊನೆಗೆ ಕೊಡೆ ಹಿಡಿದಂತೆ ಆಗುತ್ತಿತ್ತು. ಈ ಉಪಾಯವು ಜಾಣತನದ್ದೇ, ಅದನ್ನು ಹಳಿಯತಕ್ಕದ್ದಲ್ಲ. ಆದರೆ ಅದರ ಸ್ವಭಾವವನ್ನು ಗಮನಿಸಬೇಕು. ಕೊಟ್ಟೆಯು ತಾನು ಮುಚ್ಚಿದ ಗೊನೆಯನ್ನು ಮಾತ್ರ ಕಾಯುವುದು. ಹುಲ್ಲೂ ಆಳೂ ಇದ್ದವನ ಗೊನೆಯು ಉಳಿಯಿತು, ಇಲ್ಲದವನದು ಕೊಳೆಯಿತು. ಕೊಳೆತ ತೋಟದ ರೋಗವಾದರೋ ಮುಂದಿನ ವರ್ಷಕ್ಕೂ ಕಣಿವೆಯಲ್ಲಿಯೇ ಉಳಿಯಿತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿದ್ವಾಂಸರು ಬಂದರು. ಸಸ್ಯಗಳ ಬೂಷ್ಟುರೋಗಗಳೂ ಕೀಟಗಳೂ ಅವರ ವಿಷಯ. ಕೊಳೆರೋಗವನ್ನು ಅವರು ಪರೀಕ್ಷಿಸಿ, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿ, 1910ರಲ್ಲಿ ತಮ್ಮ ವಿಚಾರಣೆಯನ್ನು ಪ್ರಕಟಿಸಿದರು. ಅವರು ಹೇಳಿದ ಔಷಧವು ಫ್ರಾನ್ಸಿನ ಬೋರ್ಡೋ ಎಂಬ ದ್ರಾಕ್ಷಿಯ ಸೀಮೆಯದು. ಅದರ ಜನ್ಮಕಥೆಯು ವಿನೋದಕರವಾಗಿದೆ. ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ಅಲ್ಲಿಯ ತೋಟಗಾರರು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ಒಳಗಿನ ಬಳ್ಳಿಗಳೆಲ್ಲ ಬೂಷ್ಟುರೋಗದಿಂದ ಎಲೆಯುದುರಿ ನಿಂತಾಗ ರಸ್ತೆಯ ಬದಿಯವು ಮಾತ್ರ ಹಸುರಾಗಿದ್ದುದನ್ನು 1882ರಲ್ಲಿ ಮಿಲಾರ್ಡೆ ಎಂಬ ಪಂಡಿತರು ಕಂಡರು. 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಳ್ಳನಿಗೆ ಹೂಡಿದ ಉಪಾಯವು ರೋಗಕ್ಕೆ ಮದ್ದಾಯಿತು.

ನೂರು ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ; ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯತಕ್ಕದ್ದು. ಹದವನ್ನು ನೋಡಲು ಕಬ್ಬಿಣದ ಚೂರಿಯನ್ನು ಅದ್ದುವರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣವು ಸಾಲದೆಂದು ಅರ್ಥ. ಇಷ್ಟು ಸುಲಭವಾದ ಔಷಧದಲ್ಲಿ ಎರಡು ಕಟ್ಟಳೆಗಳು ಅಡಗಿವೆ. ಒಂದನೆಯದಾಗಿ, ಇದು ರೋಗವು ಬರುವುದಕ್ಕೆ ಮುಂಚೆ ಹೊಡೆಯತಕ್ಕ ಔಷಧ. ಕೊಳೆಯು ಕಾಯಿಯ ಒಳಹೊಕ್ಕ ಮೇಲೆ ತಾಮ್ರವು ಏನನ್ನೂ ಮಾಡಲಾರದು. ಮಳೆ ಹಿಡಿಯುವುದಕ್ಕೆ ಮೊದಲು ಒಂದು ಸಾರಿ, ನಾಲ್ವತ್ತು ನಾಲ್ವತ್ತೈದು ದಿನಗಳ ಮೇಲೆ ಬಿಡುವು ನೋಡಿ ಮತ್ತೊಂದು ಸಾರಿ. ಗೊನೆಯು ಹಸುರಾಗಿ ನಗುತ್ತಿರುವಾಗಲೇ ಖರ್ಚು ಮಾಡಬೇಕಾಗುತ್ತದೆ. ಇದಕ್ಕೆ ಮನಸ್ಸನ್ನು ಒಪ್ಪಿಸುವುದು ಕಷ್ಟ. ಎರಡನೆಯದಾಗಿ, ಒಬ್ಬನು ಹೊಡೆದು ನೆರೆಯವನು ಬಿಟ್ಟರೆ ರೋಗದ ಮೂಲವು ಬೇಲಿಯ ಆಚೆಗೆ ಹಾಗೆಯೇ ಇರುವುದು. ನೆರೆಯವನ ತೋಟದಲ್ಲಿ ಉದುರಿಬಿದ್ದ ಕೊಳೆಗಾಯಿಯನ್ನು ಆಯ್ದು ನಾಶಮಾಡದಿದ್ದರೆ ಅದು ಇಬ್ಬರಿಗೂ ಶತ್ರುವೇ. ಬೇಲಿಯು ದನಕ್ಕೆ ಅಡ್ಡ, ಎರಚಲಿಗೆ ಅಡ್ಡವಲ್ಲ.

ಕೊಟ್ಟೆಯಿಂದ ಈ ಔಷಧಕ್ಕೆ ಬಂದುದನ್ನು ಒಂದು ಪದಾರ್ಥದ ಬದಲು ಇನ್ನೊಂದೆಂದು ಎಣಿಸಿದರೆ ಸಾಲದು. ‘ನನ್ನ ಗೊನೆ’ ಎಂಬ ಲೆಕ್ಕದಿಂದ ‘ನಮ್ಮ ಕಣಿವೆ’ ಎಂಬ ಲೆಕ್ಕಕ್ಕೆ ಬರಬೇಕಾಯಿತು. ವ್ಯವಸ್ಥೆಯ ಪರಿವರ್ತನೆಯೆಂದು ದೊಡ್ಡ ಸಭೆಗಳಲ್ಲಿ ಹೇಳುವುದು ಇದನ್ನೇ. ಹಾಗಾದರೆ ಇದರ ಧುರೀಣರು ಯಾರು? ಕೋಲ್ಮನ್ನರು ಹೌದು. ಅವರು ಮುಂದೆ ಸಂಸ್ಥಾನದ ವ್ಯವಸಾಯದ ಇಲಾಖೆಯ ಡೈರೆಕ್ಟರಾದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಶಾಲೆಯು ಸ್ಥಾಪಿತವಾದುದೂ ಅವರ ಕಾಲದಲ್ಲಿಯೇ. ಆದರೆ ಬೆನ್ನಿಗೆ ಕೊಳವೆಯನ್ನು ಬಿಗಿದು, ಪಾಚಿ ಹಿಡಿದ ನಾಲ್ವತ್ತು ಐವತ್ತು ಅಡಿಯ ಮರವನ್ನು ಏರಿ, ಮರದಿಂದ ಮರಕ್ಕೆ ಜೀಕಿ ಹೋಗುವ ಕೊನೆಗಾರನಿಲ್ಲದಿದ್ದರೆ ಡೈರೆಕ್ಟರ ಪುಸ್ತಕವು ಕಪಾಟಿನಲ್ಲಿ ಕೂತಿರುತ್ತಿತ್ತು. ಅವನ ಹೆಸರು ಯಾವ ವರದಿಯಲ್ಲಿಯೂ ಇಲ್ಲ. ನೊಗದ ಅರ್ಥವನ್ನು ಹಿಡಿದು ನೋಡುವುದಾದರೆ ಅವನೂ ಧುರೀಣನೇ.

ಇನ್ನು, ಔಷಧಕ್ಕೂ ಆಳಿಗೂ ಹಣ ಬೇಕು. ಹಣವು ಬೇಕಾಗುವುದು ಜೇಷ್ಠದಲ್ಲಿ, ಅಡಕೆಯು ಮಾರುವುದು ಮಾಘದಲ್ಲಿ. ನಡುವಣ ತಿಂಗಳುಗಳನ್ನು ಸಾಹುಕಾರರು ಆಳುತ್ತಿದ್ದರು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯವರನ್ನು ಕೂಡಿಸಿ ಕಟ್ಟಿದ ಸಹಕಾರ ಸಂಘವು ಈ ಗಂಟನ್ನು ಬಿಚ್ಚುವ ದಾರಿಯನ್ನು ನಾಡಿಗೆ ತೋರಿಸಿತು. ಅಡಕೆಯ ಮಾರಾಟಕ್ಕೆಂದೇ 1939ರಲ್ಲಿ ಶಿವಮೊಗ್ಗೆಯಲ್ಲಿ ಮಲೆನಾಡು ಅಡಕೆ ಮಾರಾಟ ಸಹಕಾರ ಸಂಘವು ಹುಟ್ಟಿತು. ಪಾಟೀಲರು ಬಡವರ ಸಾಲವನ್ನು ತಾವೇ ತೀರಿಸಿ ದಾನಿಯೆನ್ನಿಸಿಕೊಳ್ಳಬಹುದಾಗಿತ್ತು; ಆ ಕೀರ್ತಿಯು ಅವರೊಡನೆಯೇ ಮುಗಿಯುತ್ತಿತ್ತು. ಲೆಕ್ಕದ ಪುಸ್ತಕವನ್ನು ಹತ್ತು ಜನರ ಮುಂದೆ ಇಟ್ಟುದರಿಂದ ಕೆಲಸವು ಅವರನ್ನು ಮೀರಿ ಬದುಕಿತು.

ಆದರೆ ಯಾವ ವ್ಯವಸ್ಥೆಯೂ ಒಂದು ಸಲ ಸರಿಪಡಿಸಿದರೆ ಆಯಿತೆಂದು ತಿಳಿಯುವಂತಿಲ್ಲ. ಒಂದು ಶತಮಾನದಿಂದ ಮರದ ಮೇಲೆ ಹೊಡೆದ ತಾಮ್ರವು ಎಲ್ಲಿಗೆ ಹೋಯಿತು? ಬುಡದ ಮಣ್ಣಿಗೆ. ಅಲ್ಲಿ ಅದು ಕರಗಿ ಹೋಗದೆ ಕೂಡುತ್ತಲೇ ಇರುವುದು. ಬೋರ್ಡೋ ಸೀಮೆಯ ದ್ರಾಕ್ಷಿಯ ನೆಲಗಳಲ್ಲಿಯೂ ಇದೇ ಚಿಂತೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಎಷ್ಟೋ ತೋಟಗಳು ದಶಕಗಳಿಂದ ಹಳದಿ ಎಲೆ ರೋಗದಿಂದ ಸೊರಗಿವೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದಕ್ಕೆ ಜೊತೆಯಾಗಿದೆ. ಹಳದಿ ರೋಗಕ್ಕೆ ಸಿಂಪಡಿಸಿ ಗುಣಪಡಿಸತಕ್ಕ ಔಷಧವಿಲ್ಲ. ಅತ್ತ ಬಯಲುಸೀಮೆಯಲ್ಲಿ ಭತ್ತದ ಗದ್ದೆಗಳು ಅಡಕೆಯ ತೋಟಗಳಾಗುತ್ತಿವೆ. ಇತ್ತ ಮರವೇರುವ ಕೊನೆಗಾರನು ದೊರೆಯದೆ, ನೆಲದ ಮೇಲೆ ನಿಂತೇ ಕಾರ್ಬನ್ ದೋಟಿಯಿಂದ ಹೊಡೆಯುವ ಕಾಲ ಬಂದಿದೆ. ಒಂದು ಬೆಳೆಯನ್ನೇ ನಂಬಿದ ಕಣಿವೆಗೆ ಆ ಬೆಳೆಯು ಬಾಡಿದರೆ ಹೆಜ್ಜೆಯಿಡಲು ಇನ್ನೊಂದು ಮೆಟ್ಟಿಲಿಲ್ಲ.

ತೋಟದಿಂದ ಹೊಳೆಯ ದಾರಿಯನ್ನು ಹಿಡಿದು ಮೇಲಕ್ಕೆ ಹೋದರೆ ಇದೇ ಪ್ರಶ್ನೆಯು ದೊಡ್ಡದಾಗಿ ಎದುರು ನಿಲ್ಲುವುದು. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಹುಟ್ಟುವುವು. ತುಂಗೆಯು ಶೃಂಗೇರಿಯ ಕಡೆಗೂ, ಭದ್ರೆಯು ಕಳಸ ಬಾಳೆಹೊನ್ನೂರುಗಳ ಕಡೆಗೂ ಹರಿದು ಕೂಡ್ಲಿಯಲ್ಲಿ ಮತ್ತೆ ಸೇರುವುವು. ಆ ಮೂಲದ ಸನಿಹದ ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿಯು ಸ್ಥಾಪಿತವಾಯಿತು. ಅದಿರನ್ನು ಕೊಳ್ಳುವುದಾಗಿಯೂ ಹಣ ಕೊಡುವುದಾಗಿಯೂ ಒಪ್ಪಿದ್ದ ಇರಾನ್ ದೇಶದಲ್ಲಿ 1979ರಲ್ಲಿ ಕ್ರಾಂತಿಯಾಗಿ ಆ ಏರ್ಪಾಡು ಮುರಿದುಬಿದ್ದಿತು. ಆದರೂ ಗಣಿಯು ನಡೆಯಿತು. ಗುಡ್ಡವನ್ನು ಪುಡಿಮಾಡಿ, ನೀರಿನಲ್ಲಿ ಕದಡಿ, 67 ಕಿಲೋಮೀಟರಿನ ಕೊಳವೆಯಲ್ಲಿ ಮಂಗಳೂರಿನ ಬಂದರಕ್ಕೆ ಇಳಿಸುತ್ತಿದ್ದರು. ಉಳಿದ ರಾಡಿಗಾಗಿ ಲಕ್ಯಾ ಹೊಳೆಗೆ ಅಣೆಕಟ್ಟನ್ನು ಕಟ್ಟಿದರು. ಗಣಿಯ ಸುತ್ತಣ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2002ನೆಯ ಅಕ್ಟೋಬರ್ 30ರಂದು ತೀರ್ಪಿತ್ತು, ಅದರ ಮೇರೆಗೆ 2005ರ ಕೊನೆಗೆ ಗಣಿಯು ನಿಂತಿತು.

ನದಿಯ ಪಕ್ಷದಿಂದ ನೋಡಿದರೆ ಈ ತೀರ್ಪು ಮಹತ್ತಾದುದು. ಕೆಳಗೆ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಆ ಹೂಳೆಲ್ಲವೂ ಒಂದೇ ಗಣಿಯದೆನ್ನುವುದು ನ್ಯಾಯವಲ್ಲ. ಇಡೀ ಕೊಳ್ಳದ ಬೋಳುಗುಡ್ಡಗಳೂ ಗದ್ದೆಬಯಲುಗಳೂ ಅದರಲ್ಲಿ ಪಾಲುಗಾರರು. ಆದರೆ ಮೂಲದ ಮಣ್ಣು ರಾಯಚೂರಿನ ರೈತನ ಕಾಲುವೆಗೆ ಸಂಬಂಧಿಸಿದ್ದೆಂಬುದನ್ನು ಜನರು ಆ ವಿವಾದದಿಂದ ಕಲಿತರು.

ಮನುಷ್ಯರ ಪಕ್ಷದಿಂದ ನೋಡಿದರೆ ಕೆಲಸವು ಅರ್ಧಕ್ಕೇ ನಿಂತಿತು. ಗಣಿಗಾಗಿ ಎದ್ದ ಊರು ಬಹುಮಟ್ಟಿಗೆ ಬರಿದಾಯಿತು. ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದವರ ಮುಂದಿನ ಬದುಕನ್ನು ಯಾವ ಕಟ್ಟಳೆಯೂ ಮೊದಲೇ ಯೋಚಿಸಿರಲಿಲ್ಲ. ಗುತ್ತಿಗೆಯ ಅವಧಿಯು 1999ರಲ್ಲಿ ಮುಗಿಯುವುದೆಂದು ಮಾತ್ರ ಕಾಗದದಲ್ಲಿ ಮೂವತ್ತು ವರ್ಷ ಮುಂಚಿನಿಂದಲೂ ಬರೆದಿತ್ತು. ಗೊನೆಯು ಹಸುರಾಗಿರುವಾಗ ಔಷಧ ಹೊಡೆಯದೆ, ಕಾಯಿ ಉದುರಿದ ಮೇಲೆ ಮರವೇರಿದಂತಾಯಿತು. ‘ಬೇಡ’ ಎನ್ನುವ ಅಧಿಕಾರವು ನ್ಯಾಯಾಸ್ಥಾನಕ್ಕೆ ಉಂಟು. ‘ಇನ್ನೇನು’ ಎಂಬುದನ್ನು ಕಟ್ಟಿಕೊಡುವ ಕೆಲಸವು ಅದರದಲ್ಲ. ಆ ನೊಗವು ಬರಿದಾಗಿಯೇ ಉಳಿಯಿತು.

ಇಡೀ ಭೂಮಿಯೂ ಒಂದು ಕಣಿವೆಯೇ. 1985ರಲ್ಲಿ ದಕ್ಷಿಣ ಧ್ರುವದ ಮೇಲಣ ಓಝೋನ್ ಪದರದಲ್ಲಿ ರಂಧ್ರವು ಬಿದ್ದಿದೆಯೆಂದು ಬ್ರಿಟಿಷ್ ವಿಜ್ಞಾನಿಗಳು ತಿಳಿಸಿದರು. ಶೀತಯಂತ್ರಗಳಲ್ಲಿ ಬಳಸುವ ಕೆಲವು ವಾಯುಗಳೇ ಕಾರಣ. ಎರಡೇ ವರ್ಷಗಳಲ್ಲಿ, 1987ನೆಯ ಸೆಪ್ಟೆಂಬರ್ 16ರಂದು, ಕೋಲ್ಮನ್ನರ ತಾಯ್ನಾಡಾದ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಒಪ್ಪಂದವಾಯಿತು. ಆದರೆ ಆ ವಾಯುಗಳನ್ನು ಹೆಚ್ಚಾಗಿ ಬಳಸಿದವರು ಶ್ರೀಮಂತ ದೇಶದವರು. ಇತ್ತ ಕಡೆಯ ಮನೆಗಳಿಗೆ ಆಗ ತಾನೇ ಶೀತಪೆಟ್ಟಿಗೆಗಳು ಬರುತ್ತಿದ್ದುವು. ‘ನೀವೂ ಬಿಡಿರಿ’ ಎಂದಷ್ಟೇ ಹೇಳಿದ್ದರೆ ಭಾರತವಾಗಲಿ ಚೀನವಾಗಲಿ ಒಪ್ಪುತ್ತಿರಲಿಲ್ಲ. 1990ರಲ್ಲಿ ಲಂಡನ್ನಿನಲ್ಲಿ ಕೂಡಿದಾಗ, ಬಡ ದೇಶಗಳು ಬೇರೆ ಪದಾರ್ಥಕ್ಕೆ ಮಾರ್ಪಡುವ ಖರ್ಚಿಗಾಗಿ ಶ್ರೀಮಂತ ದೇಶಗಳು ನಿಧಿಯನ್ನು ಏರ್ಪಡಿಸಿದುವು. 1992ರಲ್ಲಿ ಭಾರತವು ಸೇರಿತು. ನೆರೆಯ ಬಡವನ ತೋಟಕ್ಕೂ ತಾನೇ ಔಷಧವನ್ನು ಹೊಡೆಸಿದರೆ ತನ್ನ ಗೊನೆಯು ಉಳಿಯುವುದೆಂಬ ಬುದ್ಧಿ ಅದು. ಈಗ ಓಝೋನ್ ಪದರವು ಮೆಲ್ಲಮೆಲ್ಲನೆ ಕೂಡಿಕೊಳ್ಳುತ್ತಿದೆ.

ಭೂಮಿಯ ಕಾವಿನ ವಿಷಯದಲ್ಲಾದರೋ ಅಷ್ಟು ಸರಾಗವಾಗಲಿಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿಯೊಂದು ದೇಶವೂ ತಾನು ಎಷ್ಟು ಮಾಡುವೆನೆಂದು ತಾನೇ ಬರೆದುಕೊಡತಕ್ಕದ್ದೆಂದಾಯಿತು. ಒಪ್ಪಂದವೇ ಇಲ್ಲದಿರುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಇದರಲ್ಲಿ ಇನ್ನೂ ಕೊಟ್ಟೆಯ ಲೆಕ್ಕವೇ ಹೆಚ್ಚು; ಅವರವರ ಗೊನೆಗೆ ಅವರವರ ಹುಲ್ಲು. ಮಳೆಯ ಗತಿಯು ತಪ್ಪಿದುದರ ಫಲವನ್ನು ಉಣ್ಣತಕ್ಕವರಲ್ಲಿ ಮಲೆನಾಡಿನ ಒಕ್ಕಲೂ ಒಬ್ಬನು. ಎರಡನೆಯ ಸಿಂಪಡಣೆಗೆ ಬೇಕಾದ ಎರಡು ದಿನದ ಬಿಡುವನ್ನು ಪುಷ್ಯದ ಮಳೆಯು ಕೊಡದಿದ್ದರೆ ಅವನು ಯಾರ ಸಭೆಯಲ್ಲಿ ದೂರುವನು?

ಇಲ್ಲಿ ಮಠಗಳ ವಿಷಯವಾಗಿಯೂ ಒಂದು ಮಾತು ಬರುವುದು. ಮಲೆನಾಡಿನ ಮಠಗಳಲ್ಲಿ ತೋಟಗಳಿರುವವು ಹಲವು. ದಾಸೋಹದ ಪಂಕ್ತಿಯಲ್ಲಿ ಉಳ್ಳವನೂ ಇಲ್ಲದವನೂ ಒಟ್ಟಿಗೆ ಕುಳಿತುಣ್ಣುವ ಸಂಪ್ರದಾಯವು ಮಠದಲ್ಲಿ ಬೇರೂರಿರುವಾಗ, ಅದನ್ನು ತೋಟದ ಬೇಲಿಯವರೆಗೆ ವಿಸ್ತರಿಸುವುದು ಕಠಿನವಾಗಲಾರದು. ಮಕ್ಕಳು ಬೆಂಗಳೂರಿಗೆ ಹೋಗಿ, ಮುದುಕರಿಬ್ಬರೇ ಉಳಿದಿರುವ ಅರ್ಧ ಎಕರೆಯ ತೋಟಗಳು ಪ್ರತಿಯೊಂದು ಕಣಿವೆಯಲ್ಲಿಯೂ ಇವೆ. ಅವರಿಗೆ ದೋಟಿಯನ್ನು ಎತ್ತುವ ಶಕ್ತಿಯಿಲ್ಲ, ಆಳನ್ನು ಕರೆಯುವ ಹಣವಿಲ್ಲ. ಮೃಗಶಿರೆಯು ಹುಟ್ಟುವುದಕ್ಕೆ ಹದಿನೈದು ದಿನ ಮುಂಚೆ ಕಣಿವೆಯ ಒಕ್ಕಲುಗಳೆಲ್ಲ ಒಂದು ಕಡೆ ಸೇರಿ, ತೋಟಗಳ ಪಟ್ಟಿಯನ್ನು ಓದಿ, ಪಂಪು ಯಾರದು, ಆಳು ಯಾರು, ಯಾವ ತೋಟದ ಖರ್ಚನ್ನು ಯಾರು ಹೊರತಕ್ಕದ್ದು ಎಂಬುದನ್ನು ಬರೆದಿಡಬಹುದು. ಮುದುಕರ ಅರ್ಧ ಎಕರೆಯು ಆ ಪಟ್ಟಿಯಲ್ಲಿ ಮೊದಲು ಬರಲಿ. ಮಠಕ್ಕೆ ತೋಟವಿರುವ ಕಣಿವೆಯಲ್ಲಿ ಅದರ ಖರ್ಚು ಮಠದ ಲೆಕ್ಕಕ್ಕೆ ಬೀಳಲಿ. ಪಂಪು ಮಠದ ತೋಟಕ್ಕೆ ಕೊನೆಯಲ್ಲಿ ಬಂದರೂ ಚಿಂತೆಯಿಲ್ಲ, ಮಳೆಗೆ ಮುಂಚೆ ಬಂದರೆ ಸಾಕು.