ಪರಿಸರ ವ್ಯವಸ್ಥೆ ಮತ್ತು ನಮ್ಮ ಹೊಣೆ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ನಮ್ಮ ಮಕ್ಕಳ ವಿಜ್ಞಾನ ಪಾಠದಲ್ಲಿ ‘ಪರಿಸರ ವ್ಯವಸ್ಥೆ’ ಎಂಬ ಪದವಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಇಕೋಸಿಸ್ಟಮ್ ಎನ್ನುತ್ತಾರೆ. ಈಗ ವ್ಯಾಪಾರದವರೂ ಕಂಪ್ಯೂಟರಿನವರೂ ಈ ಪದ ಬಳಸುತ್ತಾರೆ. ನಾವಾದರೋ ಪರಿಸರ ಎಂದರೆ ಮರಗಿಡ ಎಂದಷ್ಟೇ ತಿಳಿದು, ಜೂನ್ 5ರಂದು ಒಂದು ಸಸಿ ನೆಟ್ಟು ಸುಮ್ಮನಾಗುತ್ತೇವೆ. ಆದರೆ ಈ ಪದದ ತೂಕವಿರುವುದು ‘ವ್ಯವಸ್ಥೆ’ ಎಂಬುದರಲ್ಲಿ. ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್‌ಸ್ಲಿ 1935ರಲ್ಲಿ ಇದನ್ನು ಬಳಕೆಗೆ ತಂದರು. ಗಿಡ, ಪ್ರಾಣಿಗಳನ್ನಷ್ಟೇ ನೋಡಿದರೆ ಸಾಲದು. ಮಣ್ಣು, ನೀರು, ಗಾಳಿ, ಬಿಸಿಲು ಎಲ್ಲವನ್ನೂ ಸೇರಿಸಿ ಒಂದೇ ವ್ಯವಸ್ಥೆಯಾಗಿ ನೋಡಬೇಕು ಎಂಬುದು ಅವರ ಆಶಯ.

ಒಂದು ಕೆರೆಯನ್ನು ತೆಗೆದುಕೊಳ್ಳೋಣ. ಬಿಸಿಲಿನಿಂದ ಪಾಚಿ ಬೆಳೆಯುತ್ತದೆ. ಪಾಚಿಯನ್ನು ಸಣ್ಣ ಜೀವಿಗಳು, ಅವುಗಳನ್ನು ಮೀನು, ಮೀನನ್ನು ಕೊಕ್ಕರೆ ತಿನ್ನುತ್ತವೆ. ಸತ್ತದ್ದನ್ನು ಕಣ್ಣಿಗೆ ಕಾಣದ ಜೀವಾಣುಗಳು ಕೊಳೆಯಿಸಿ ಮತ್ತೆ ಗೊಬ್ಬರವಾಗಿಸುತ್ತವೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೂ ನೀರು ಇಳಿಯುತ್ತದೆ.

ಪವಿತ್ರ ಕುರ್‌ಆನಿನ 55ನೇ ಅಧ್ಯಾಯ ಅರ್ರಹ್ಮಾನ್‌ನಲ್ಲಿ, ಆಕಾಶವನ್ನು ಎತ್ತರಿಸಿದ ಅಲ್ಲಾಹನು ‘ಮೀಝಾನ್’ ಸ್ಥಾಪಿಸಿದ್ದಾನೆಂದೂ ಅದರಲ್ಲಿ ನಾವು ಮೇರೆ ಮೀರಬಾರದೆಂದೂ ತಿಳಿಸಲಾಗಿದೆ. ಮೀಝಾನ್ ಎಂದರೆ ಸಮತೋಲನ. ತಕ್ಕಡಿ ಎಂದೂ ಅರ್ಥ. ಅಂಗಡಿಯ ತಕ್ಕಡಿಯಲ್ಲಿ ಮೋಸ ಮಾಡುವುದು ಪಾಪವೆಂದು ನಮಗೆಲ್ಲ ಗೊತ್ತು. ಅಲ್ಲಾಹನು ಕೆರೆಯಲ್ಲಿಟ್ಟ ತಕ್ಕಡಿಯನ್ನು ಕೆಡಿಸಿದರೆ?

ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೋಡಿ. ವರ್ಷಗಟ್ಟಲೆ ಊರಿನ ಕೊಳಚೆಯೂ ಸೋಪಿನ ನೀರೂ ಅಲ್ಲಿಗೆ ಹರಿದವು. ಕೊಳಚೆ ಅತಿಯಾದಾಗ ಜೀವಾಣುಗಳು ಅದನ್ನು ಕೊಳೆಯಿಸಲು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಉಸಿರಾಡಲಾರದೆ ಸಾಯುತ್ತದೆ. ಕಳೆ ನೀರನ್ನು ಮುಚ್ಚಿ ಬಿಸಿಲನ್ನು ತಡೆಯುತ್ತದೆ. ಆ ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. 2017ರಲ್ಲೂ 2018ರಲ್ಲೂ ನೀರಿರಬೇಕಾದ ಕೆರೆಯಲ್ಲೇ ಬೆಂಕಿ ಹೊತ್ತಿಕೊಂಡಿತು. ನೆಲದಲ್ಲೂ ಸಮುದ್ರದಲ್ಲೂ ಕಾಣುವ ಕೆಡುಕು ಮನುಷ್ಯರ ಕೈಗಳ ಗಳಿಕೆ ಎಂಬ ಅರ್‍ರೂಮ್ ಅಧ್ಯಾಯದ ಎಚ್ಚರಿಕೆಗೆ ಬೇರೆ ವಿವರಣೆ ಬೇಕೇ?

ಸಹೋದರರೇ, ನಾವು ಕಸವನ್ನು ‘ಹೊರಗೆ’ ಎಸೆದೆವು ಎನ್ನುತ್ತೇವೆ. ವ್ಯವಸ್ಥೆಯಲ್ಲಿ ಹೊರಗೆ ಎಂಬ ಜಾಗವೇ ಇಲ್ಲ. ಮೋರಿಗೆ ಬಿಟ್ಟದ್ದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ, ಕೆರೆಯಿಂದ ಯಾರದೋ ಬಾವಿಗೆ ತಲುಪುತ್ತದೆ. ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದು ಪ್ರವಾದಿ(ಸ)ರು ತಡೆದಿದ್ದಾರೆ. ಅಷ್ಟಕ್ಕೇ ತಡೆಯಿರುವಾಗ ರಕ್ತ, ಕರುಳು, ಪ್ಲಾಸ್ಟಿಕ್ ಚೀಲಗಳನ್ನು ಕೆರೆಗೆ ಸುರಿಯುವುದು ಹೇಗೆ ಸರಿಯಾದೀತು?

ಬಕ್ರೀದ್ ಹತ್ತಿರ ಬರುತ್ತಿದೆ. ಕುರ್ಬಾನಿ ಇಬಾದತ್. ಇಬಾದತ್ತಿನ ನಂತರ ನೆರೆಯವರು ಮೂಗು ಮುಚ್ಚಿಕೊಂಡು ಓಡಾಡುವಂತಾದರೆ, ನಾವು ಒಂದು ಹಕ್ಕನ್ನು ಸಲ್ಲಿಸಿ ಇನ್ನೊಂದನ್ನು ಮುರಿದಂತೆ. ತ್ಯಾಜ್ಯವನ್ನು ರಾಜಕಾಲುವೆಗೆ ಹಾಕಬೇಡಿ. ಬಾವಿ, ಕೆರೆಗಳಿಂದ ದೂರ ಆಳವಾದ ಗುಂಡಿ ತೋಡಿ ಮುಚ್ಚಿ, ಇಲ್ಲವೇ ಪಾಲಿಕೆಯ ವಾಹನಕ್ಕೆ ಒಪ್ಪಿಸಿ. ಮೊಹಲ್ಲಾದ ಯುವಕರು ಈಗಲೇ ಕುಳಿತು ಇದರ ಜವಾಬ್ದಾರಿ ಹಂಚಿಕೊಳ್ಳಲಿ.

ನೀರಿನ ವಿಷಯದಲ್ಲೂ ಎಚ್ಚರವಿರಲಿ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಸುಮಾರು ಒಂದು ಬೊಗಸೆಯಲ್ಲಿ, ವುಝೂ ಮುಗಿಸುತ್ತಿದ್ದರು. ನಾವು ನಲ್ಲಿಯನ್ನು ಪೂರ್ತಿ ತಿರುಗಿಸಿ ಮಾತಾಡುತ್ತಾ ನಿಲ್ಲುತ್ತೇವೆ. ವುಝೂವಿನ ನೀರನ್ನು ಮೋರಿಗೆ ಬಿಡದೆ ಮಸೀದಿಯ ಅಂಗಳದ ಗಿಡಗಳಿಗೆ ಹರಿಸಬಹುದು. ಅದಕ್ಕೆ ಒಂದು ಪೈಪ್ ಸಾಕು. ಮನೆಯಲ್ಲಿ ತಾಯಂದಿರೂ ಸಹೋದರಿಯರೂ ಸೋಪಿನ ಪುಡಿಯನ್ನು ಹಿತಮಿತವಾಗಿ ಬಳಸಲಿ.

ಅಲ್ಲಾಹನು ನಮ್ಮನ್ನು ಭೂಮಿಯಲ್ಲಿ ಖಲೀಫರನ್ನಾಗಿ ಮಾಡಿದ್ದಾನೆ. ಅಮಾನತು ಪಡೆದವನು ಲೆಕ್ಕ ಕೊಡಬೇಕು. ಅವನಿಟ್ಟ ಮೀಝಾನನ್ನು ಕಾಯುವ ತೌಫೀಕನ್ನು ಅವನೇ ನಮಗೆ ಕರುಣಿಸಲಿ. ಆಮೀನ್.